ಬೆಂಗಳೂರಿನ ಕಟ್ಟಡಗಳ ಕಥೆ: ಗೈಡ್ ಹೇಳಿದ್ದರಲ್ಲಿ ನಿಜ ಎಷ್ಟು?

ಪ್ರಶ್ನೆ: ನಾನು ಮುಳಬಾಗಿಲು ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ಹೆಸರು ಹಾಕಬೇಡಿ. ಪ್ರತಿ ವರ್ಷ ಒಂಬತ್ತನೇ ತರಗತಿಯ ಮಕ್ಕಳನ್ನು ಒಂದು ದಿನದ ಪ್ರವಾಸಕ್ಕೆ ಬೆಂಗಳೂರಿಗೆ ಕರೆದುಕೊಂಡು ಹೋಗುತ್ತೇವೆ. ಕಳೆದ ಸಲ ಬಸ್ಸಿನವರೇ ಒಬ್ಬ ಗೈಡನ್ನು ಗೊತ್ತುಮಾಡಿದ್ದರು. ಅವರು ಹೇಳಿದ್ದನ್ನೆಲ್ಲ ಮಕ್ಕಳು ಬರೆದುಕೊಂಡರು. ಮಹಾರಾಜರು ಇಂಗ್ಲೆಂಡಿನ ವಿಂಡ್ಸರ್ ಅರಮನೆ ನೋಡಿ ಬಂದು ಬೆಂಗಳೂರು ಅರಮನೆ ಕಟ್ಟಿಸಿದರಂತೆ. ಏಷ್ಯಾದಲ್ಲೇ ಮೊದಲು ಕರೆಂಟು ದೀಪ ಉರಿದದ್ದು ಕೆ.ಆರ್. ಮಾರ್ಕೆಟ್‌ನಲ್ಲಂತೆ. ದೊಡ್ಡ ಬಸವಣ್ಣ ಬೆಳೆಯುತ್ತಲೇ ಇದ್ದನಂತೆ, ತಲೆಗೆ ಮೊಳೆ ಹೊಡೆದು ನಿಲ್ಲಿಸಿದರಂತೆ. ಕೆಂಪೇಗೌಡರು ನಾಲ್ಕು ಗೋಪುರ ಕಟ್ಟಿಸಿ, ಊರು ಇದನ್ನು ದಾಟಿದರೆ ಕೇಡು ಅಂದಿದ್ದರಂತೆ. ನಮ್ಮ ಒಬ್ಬ ಹುಡುಗಿ ಇದನ್ನೆಲ್ಲ ಪ್ರಬಂಧ ಸ್ಪರ್ಧೆಯಲ್ಲಿ ಬರೆದಳು. ತೀರ್ಪುಗಾರರು ಎಲ್ಲದಕ್ಕೂ ಕೆಂಪು ಗೆರೆ ಎಳೆದರು. ಅವಳು ಅತ್ತುಬಿಟ್ಟಳು. ಇನ್ನೊಬ್ಬ ಹುಡುಗ ವಾಪಸ್ ಬರುವಾಗ, “ಮಿಸ್, ಇದೆಲ್ಲ ಬೆಂಗಳೂರಿನವರದ್ದು. ಇದರಲ್ಲಿ ನಮ್ಮ ಕೋಲಾರದ್ದು ಏನಿದೆ?” ಅಂತ ಕೇಳಿದ. ನನಗೆ ಉತ್ತರ ಹೊಳೆಯಲಿಲ್ಲ. ಈ ಸಲ ಮಕ್ಕಳಿಗೆ ಏನು ಹೇಳಲಿ? ಗೈಡ್ ಬೇಕಾ, ಬೇಡವಾ? ಕಥೆಗಳನ್ನು ಪೂರ್ತಿ ಬಿಟ್ಟುಬಿಡಲಾ?

ಉತ್ತರ: ಮೊದಲು ಆ ಹುಡುಗಿಯ ಪರ ಒಂದು ಮಾತು. ಎಲ್ಲದಕ್ಕೂ ಒಂದೇ ಕೆಂಪು ಗೆರೆ ಎಳೆದದ್ದು ಸರಿಯಲ್ಲ. ನೀವು ಬರೆದಿರುವ ನಾಲ್ಕು ಕಥೆಗಳಲ್ಲಿ ಎರಡು ತಪ್ಪು ಮಾಹಿತಿ. ಒಂದು ಜನಪದ ಕಥೆ. ಇನ್ನೊಂದರಲ್ಲಿ ಅರ್ಧ ಇತಿಹಾಸ ಇದೆ, ಅರ್ಧ ಆಮೇಲೆ ಸೇರಿಕೊಂಡದ್ದು. ತಪ್ಪು ಮಾಹಿತಿಯನ್ನು ತಿದ್ದಲೇಬೇಕು. ಜನಪದ ಕಥೆಯನ್ನು ತಿದ್ದುವ ಅಗತ್ಯ ಇಲ್ಲ, ಅದು ಕಥೆ ಅಂತ ಹೇಳಿ ಮುಂದಕ್ಕೆ ಹೋದರೆ ಸಾಕು.

ನಾನು ಹಳೆಯ ಕಟ್ಟಡಗಳ ದಾಖಲಾತಿ ಮತ್ತು ದುರಸ್ತಿ ಕೆಲಸ ಮಾಡಿಕೊಂಡು ಬಂದವನು. ಮನೆ ಕೋಲಾರದಲ್ಲಿ, ಕೆಲಸ ಜಾಸ್ತಿ ಬೆಂಗಳೂರಿನಲ್ಲಿ. ಒಂದು ಕಟ್ಟಡದ ಮುಂದೆ ನಿಂತಾಗ ‘ಇದನ್ನು ಯಾರು ಕಟ್ಟಿಸಿದರು’ ಅನ್ನುವ ಪ್ರಶ್ನೆಯನ್ನು ನಾವು ಬಿಡಿಸಿ ಕೇಳುತ್ತೇವೆ. ಕಟ್ಟೋಣ ಅಂದವರು ಯಾರು? ದುಡ್ಡು ಯಾರದ್ದು? ನಕ್ಷೆ ಯಾರದ್ದು? ಕಲ್ಲು ಹೊತ್ತವರು ಯಾರು? ಮೊದಲು ಏನಕ್ಕೆ ಅಂತ ಕಟ್ಟಿದ್ದು? ಗೈಡ್‌ಗಳಿಗೆ ಇಷ್ಟಕ್ಕೆಲ್ಲ ಪುರುಸೊತ್ತು ಇರುವುದಿಲ್ಲ, ಪಾಪ. ಬಸ್ಸು ಇಪ್ಪತ್ತು ನಿಮಿಷ ನಿಲ್ಲುತ್ತದೆ, ಮಕ್ಕಳಿಗೆ ಐಸ್‌ಕ್ರೀಮ್ ಕಡೆ ಕಣ್ಣು. ಹಾಗಾಗಿ ಒಂದು ಕಟ್ಟಡಕ್ಕೆ ಒಬ್ಬ ರಾಜ, ಒಂದು ಘಟನೆ ಅಂತ ಮುಗಿಸುತ್ತಾರೆ. ನಾಲ್ಕೈದು ಜನರ ಕೆಲಸ ಒಬ್ಬರ ಹೆಸರಿಗೆ ಬೀಳುತ್ತದೆ. ನಿಮ್ಮ ಗೈಡ್ ಮಾಡಿದ ತಪ್ಪು ಅವರೊಬ್ಬರದ್ದೇ ಅಲ್ಲ. ಅದೇ ಮಾತುಗಳು ವಾಟ್ಸಾಪ್‌ನಲ್ಲೂ ಓಡಾಡುತ್ತಿವೆ.

ಬೆಂಗಳೂರು ಅರಮನೆಯನ್ನೇ ನೋಡಿ. ಅದನ್ನು ಶುರು ಮಾಡಿದವರು ರಾಜರಲ್ಲ, ಒಬ್ಬ ಮೇಷ್ಟ್ರು. ರೆವರೆಂಡ್ ಗ್ಯಾರೆಟ್ ಅಂತ. ಮುಂದೆ ಸೆಂಟ್ರಲ್ ಕಾಲೇಜು ಆದ ಹೈಸ್ಕೂಲಿನ ಮೊದಲ ಪ್ರಿನ್ಸಿಪಾಲ್. ಅವರು ಆ ಜಾಗದಲ್ಲಿ ಕೆಲಸ ಶುರು ಮಾಡಿದ್ದು 1862ರ ಸುಮಾರಿಗೆ. ಗೈಡ್ ಹೇಳಿದ ಆ ಮಹಾರಾಜರು, ಅಂದರೆ ಚಾಮರಾಜೇಂದ್ರ ಒಡೆಯರ್, ಹುಟ್ಟಿದ್ದು 1863ರ ಫೆಬ್ರವರಿಯಲ್ಲಿ. 1873ರಲ್ಲಿ ಆ ಆಸ್ತಿಯನ್ನು ಮಹಾರಾಜರ ಹೆಸರಿಗೆ ಕೊಂಡಾಗ ಅವರಿಗೆ ಹತ್ತು ವರ್ಷ. ಕೊಂಡವರು ರಾಜನ ಪರವಾಗಿ ವ್ಯವಹಾರ ನೋಡುತ್ತಿದ್ದ ಬ್ರಿಟಿಷ್ ಅಧಿಕಾರಿಗಳು, ದುಡ್ಡು ಮಾತ್ರ ಬಾಲಕ ರಾಜನದ್ದೇ. ಬಾಲಕನಿಗೆ ಶಿಕ್ಷಣ, ಆಡಳಿತದ ತರಬೇತಿ ಕೊಡಿಸಲು ಬೆಂಗಳೂರಿನಲ್ಲಿ ಒಂದು ವಾಸದ ಮನೆ ಬೇಕಿತ್ತು. ಮರುವರ್ಷದಿಂದ 1878ರವರೆಗೆ ಅದನ್ನು ಅರಮನೆಯಾಗಿ ಕಟ್ಟಿದರು. ಗೋಪುರ, ಕೋಟೆಯಂಥ ಗೋಡೆ ಇವೆಲ್ಲ ಇಂಗ್ಲಿಷ್ ಟ್ಯೂಡರ್ ಶೈಲಿ, ಅದು ನಿಜ. ವಿಂಡ್ಸರ್ ನೆನಪಾಗುವುದೂ ಸಹಜ. ಆದರೆ ಹತ್ತು ವರ್ಷದ ಹುಡುಗ ವಿಂಡ್ಸರ್ ನೋಡಿ ಬಂದು ಕಟ್ಟಿಸಿದ ಅನ್ನೋದು ಹೇಗೆ ಸಾಧ್ಯ? ನಿಮ್ಮ ಮಕ್ಕಳಿಗೆ ಈ ಎರಡು ಇಸವಿ ಕೊಟ್ಟು ನೋಡಿ. ತಪ್ಪು ಎಲ್ಲಿದೆ ಅಂತ ಅವರೇ ಹಿಡಿಯುತ್ತಾರೆ.

ಇಲ್ಲಿ ಮಕ್ಕಳಿಗೆ ಇನ್ನೊಂದು ಗೊಂದಲ ಬರುತ್ತದೆ. ರಾಜರು ಇದ್ದದ್ದು ಮೈಸೂರಿನಲ್ಲಿ. ಹಾಗಾದರೆ ರಾಜಧಾನಿ ಬೆಂಗಳೂರು ಯಾಕಾಯಿತು? ಇದನ್ನು ಬಿಡಿಸಿ ಹೇಳದಿದ್ದರೆ ಉಳಿದ ಕಟ್ಟಡ ಯಾವುದೂ ಅರ್ಥವಾಗುವುದಿಲ್ಲ. 1799ರಲ್ಲಿ ಶ್ರೀರಂಗಪಟ್ಟಣ ಬಿತ್ತು, ರಾಜ್ಯ ಮತ್ತೆ ಒಡೆಯರ ಕೈಗೆ ಬಂತು, ರಾಜಧಾನಿ ಮೈಸೂರಾಯಿತು. ಬ್ರಿಟಿಷ್ ಸೈನ್ಯ ಶ್ರೀರಂಗಪಟ್ಟಣದಲ್ಲಿ ಉಳಿಯಿತು. ಅಲ್ಲಿ ಜ್ವರದ ಕಾಟ. ಅದಕ್ಕೇ 1809ರಲ್ಲಿ ದಂಡು ಬೆಂಗಳೂರಿಗೆ ಬಂತು, ಹಲಸೂರಿನ ಹತ್ತಿರ ಕಂಟೋನ್ಮೆಂಟ್ ಎದ್ದಿತು. 1831ರಲ್ಲಿ ಬ್ರಿಟಿಷರು ರಾಜ್ಯದ ಆಡಳಿತವನ್ನೇ ಕೈಗೆ ತೆಗೆದುಕೊಂಡರು. ಕಮಿಷನರ್ ಕಚೇರಿ ತಮ್ಮ ಸೈನ್ಯ ಇರುವ ಊರಲ್ಲೇ ಇರಲಿ ಅಂದರು. 1881ರಲ್ಲಿ ರಾಜ್ಯವನ್ನು ಮಹಾರಾಜರಿಗೆ ವಾಪಸ್ ಕೊಟ್ಟರು. ಆದರೆ ಐವತ್ತು ವರ್ಷದಲ್ಲಿ ಕಚೇರಿಗಳು ಬೆಂಗಳೂರಿನಲ್ಲಿ ಬೇರು ಬಿಟ್ಟಿದ್ದವು. ರಾಜರು ಮೈಸೂರಿನಲ್ಲೇ ಉಳಿದರು, ಫೈಲುಗಳು ಇಲ್ಲೇ ಉಳಿದವು.

ಈ ಫೈಲುಗಳ ಹಿಂದೆ ಹೋದರೆ ನಿಮ್ಮ ಪ್ರವಾಸಕ್ಕೆ ಒಂದು ಒಳ್ಳೆಯ ದಾರಿ ಸಿಗುತ್ತದೆ. ಸರ್ಕಾರ ಬೆಂಗಳೂರಿನಲ್ಲಿ ಮೂರು ಮನೆ ಬದಲಾಯಿಸಿದೆ. ಮೂರೂ ಇವತ್ತಿಗೂ ನಿಂತಿವೆ.

ಮೊದಲನೆಯದು ಕೆ.ಆರ್. ಮಾರ್ಕೆಟ್ ಹತ್ತಿರದ ಟಿಪ್ಪುವಿನ ಬೇಸಿಗೆ ಅರಮನೆ. ಹೆಸರು ಟಿಪ್ಪುವಿನದ್ದು, ಆದರೆ 1781ರಲ್ಲಿ ಕೆಲಸ ಶುರು ಮಾಡಿಸಿದ್ದು ಅವನ ತಂದೆ ಹೈದರ್ ಅಲಿ. ಮರುವರ್ಷ ಹೈದರ್ ತೀರಿಕೊಂಡ. 1791ರಲ್ಲಿ ಟಿಪ್ಪು ಮುಗಿಸಿದ. ಅದೇ 1791ರ ಮಾರ್ಚ್‌ನಲ್ಲಿ ಕಾರ್ನ್‌ವಾಲಿಸ್‌ನ ಸೈನ್ಯ ಪಕ್ಕದ ಕೋಟೆಯನ್ನು ಹಿಡಿಯಿತು. ಅಂದರೆ ಹೊಸ ಅರಮನೆಯಲ್ಲಿ ನೆಮ್ಮದಿಯಿಂದ ಬೇಸಿಗೆ ಕಳೆಯುವ ಯೋಗ ಟಿಪ್ಪುವಿಗೆ ಅಷ್ಟೇನೂ ಇರಲಿಲ್ಲ. ತೇಗದ ಕಂಬ, ಕಮಾನು, ಗೋಡೆಯ ಮೇಲಿನ ಹೂಬಳ್ಳಿ ಚಿತ್ರ ಎಲ್ಲವನ್ನೂ ಮಕ್ಕಳು ಹತ್ತಿರದಿಂದ ನೋಡಬಹುದು. ಮುಂದೆ ಬ್ರಿಟಿಷ್ ಆಡಳಿತದ ಸಚಿವಾಲಯ ನಡೆದದ್ದು ಇದೇ ಮರದ ಕಂಬಗಳ ನಡುವೆ, 1868ರವರೆಗೆ.

ಜಾಗ ಸಾಲದೆ ಆ ವರ್ಷ ಎರಡನೇ ಮನೆಗೆ ಹೋದರು. ಅದೇ ಇವತ್ತಿನ ಹೈಕೋರ್ಟ್, ಕೆಂಪು ಬಣ್ಣದ ಅಠಾರಾ ಕಚೇರಿ. ಅಠಾರಾ ಅಂದರೆ ಹದಿನೆಂಟು, ಅಷ್ಟು ಇಲಾಖೆಗಳು ಅಲ್ಲಿದ್ದವು. ಇದರ ಉಸ್ತುವಾರಿ ಮುಖ್ಯ ಎಂಜಿನಿಯರ್ ರಿಚರ್ಡ್ ಸ್ಯಾಂಕಿಯದ್ದು. ಕಟ್ಟಿದ ಕಂಟ್ರಾಕ್ಟರ್ ಆರ್ಕಾಟ್ ನಾರಾಯಣಸ್ವಾಮಿ ಮುದಲಿಯಾರ್. ಸ್ಯಾಂಕಿ ಹೆಸರಲ್ಲಿ ಕೆರೆ ಇದೆ, ಎಲ್ಲರಿಗೂ ಗೊತ್ತು. ಮುದಲಿಯಾರರ ಹೆಸರು ಯಾವ ಗೈಡ್ ಬಾಯಲ್ಲೂ ಬರುವುದಿಲ್ಲ. ಪಕ್ಕದ ಕಬ್ಬನ್ ಪಾರ್ಕನ್ನು 1870ರಲ್ಲಿ ಮಾಡಿಸಿದ್ದೂ ಸ್ಯಾಂಕಿಯೇ. ಹಿಂದೆ ಕಮಿಷನರ್ ಆಗಿದ್ದ ಮಾರ್ಕ್ ಕಬ್ಬನ್ ಅಷ್ಟರಲ್ಲಿ ತೀರಿಕೊಂಡು ಸುಮಾರು ಒಂಬತ್ತು ವರ್ಷ ಆಗಿತ್ತು. ಮೊದಲು ಅದಕ್ಕೆ ಆಗಿನ ಕಮಿಷನರ್ ಮೀಡ್ ಅವರ ಹೆಸರಿತ್ತು. 1927ರಿಂದ ದಾಖಲೆಯಲ್ಲಿ ಶ್ರೀ ಚಾಮರಾಜೇಂದ್ರ ಪಾರ್ಕ್. ಜನ ಕರೆಯುವುದು ಮಾತ್ರ ಈಗಲೂ ಕಬ್ಬನ್ ಪಾರ್ಕ್ ಅಂತಲೇ. ಇನ್ನೊಂದು ವಿಷಯ: 1980ರ ದಶಕದಲ್ಲಿ ಅಠಾರಾ ಕಚೇರಿಯನ್ನು ಕೆಡವುವ ಯೋಜನೆ ಬಂದಿತ್ತು. ನಾಗರಿಕರು ಕೋರ್ಟಿಗೆ ಹೋಗಿ ಹೋರಾಡಿದರು, ಕಟ್ಟಡ ಉಳಿಯಿತು. ನನ್ನ ಕೇಳಿದರೆ ಇದು ಆ ಕಟ್ಟಡದ ಎಲ್ಲಕ್ಕಿಂತ ಒಳ್ಳೆಯ ಕಥೆ. ಇದರಲ್ಲಿ ರಾಜನೂ ಇಲ್ಲ, ಪವಾಡವೂ ಇಲ್ಲ.

ಮೂರನೇ ಮನೆ ಎದುರಿಗೇ ಇದೆ, ವಿಧಾನಸೌಧ. ನಿಮ್ಮ ಹುಡುಗ ಕೇಳಿದ ಪ್ರಶ್ನೆಗೆ ಉತ್ತರ ಶುರುವಾಗುವುದು ಇಲ್ಲಿ. 1951ರ ಜುಲೈ 13ರಂದು ನೆಹರೂ ಶಂಕುಸ್ಥಾಪನೆ ಮಾಡಿದಾಗ ಮೈಸೂರು ರಾಜ್ಯದ ಮುಖ್ಯಮಂತ್ರಿ ಯಾರು? ಕೆ.ಸಿ. ರೆಡ್ಡಿ. ಕ್ಯಾಸಂಬಳ್ಳಿ ಚೆಂಗಲರಾಯ ರೆಡ್ಡಿ. ಕ್ಯಾಸಂಬಳ್ಳಿ ಎಲ್ಲಿದೆ ಅಂತ ಕೆ.ಜಿ.ಎಫ್. ಕಡೆ ನೆಂಟರಿರುವ ಮಕ್ಕಳನ್ನು ಕೇಳಿ, ಅವರೇ ಹೇಳುತ್ತಾರೆ. ರಾಜ್ಯದ ಮೊದಲ ಮುಖ್ಯಮಂತ್ರಿ ನಮ್ಮ ಜಿಲ್ಲೆಯವರು. ವಿಧಾನಸೌಧ ಅಂದ ತಕ್ಷಣ ಕೆಂಗಲ್ ಹನುಮಂತಯ್ಯ ಅನ್ನುತ್ತೇವೆ. ತಪ್ಪೇನಿಲ್ಲ, ಯಾಕೆಂದರೆ 1952ರಲ್ಲಿ ಅಧಿಕಾರಕ್ಕೆ ಬಂದ ಅವರು ಹಳೆಯ ಸರಳ ನಕ್ಷೆಯನ್ನು ಪಕ್ಕಕ್ಕಿಟ್ಟು ಈಗ ಕಾಣುವ ಭವ್ಯ ರೂಪ ಕೊಡಿಸಿದರು. ಬೆಂಗಳೂರು ನೋಡಲು ಬಂದ ರಷ್ಯನ್ನರ ನಿಯೋಗವೊಂದು ‘ಇಲ್ಲಿರುವುದೆಲ್ಲ ಯುರೋಪಿನ ಕಟ್ಟಡ, ನಿಮ್ಮದು ಅಂತ ಏನೂ ಇಲ್ಲವಾ’ ಎಂದು ಕೇಳಿತು, ಆ ಮಾತು ಅವರಿಗೆ ನಾಟಿತು ಅನ್ನುವ ಕಥೆ ಪ್ರಸಿದ್ಧ. ಅದಕ್ಕೇ ಇರಬೇಕು, ದ್ರಾವಿಡ ಗುಡಿಯ ಕಂಬ, ಕಪೋತ (ಸೂರಿನ ಹಾಗೆ ಮುಂದೆ ಚಾಚಿದ ಅಂಚು), ಗೋಪುರದ ಅಂಶಗಳನ್ನೆಲ್ಲ ತಂದು ಸೇರಿಸಿದರು. ನಕ್ಷೆಯ ಹಿಂದಿದ್ದವರು ಮುಖ್ಯ ಎಂಜಿನಿಯರ್ ಬಿ.ಆರ್. ಮಾಣಿಕ್ಯಂ.

ಕಲ್ಲು ಎಲ್ಲಿಂದ ಬಂತು ಅನ್ನುವುದನ್ನು ಮಕ್ಕಳಿಗೆ ತಪ್ಪದೆ ಹೇಳಿ. ಮುಖ್ಯವಾದ ಗ್ರಾನೈಟ್ ಮಲ್ಲಸಂದ್ರ, ಹೆಸರಘಟ್ಟದ ಕಡೆಯದ್ದು. ಅಲಂಕಾರಕ್ಕೆ ಮಾಗಡಿಯ ಗುಲಾಬಿ ಕಲ್ಲು, ತುಮಕೂರು ಜಿಲ್ಲೆಯ ತುರುವೇಕೆರೆಯ ಕಪ್ಪು ಕಲ್ಲು. ಸಾವಿರಾರು ಕೂಲಿಗಳು, ಕಲ್ಲುಕುಟಿಗರು ಕೆಲಸ ಮಾಡಿದರು, ಜೈಲಿನ ಕೈದಿಗಳನ್ನೂ ದುಡಿಸಿಕೊಂಡರು. ಉದ್ದ 700 ಅಡಿ, ಅಗಲ 350 ಅಡಿ. ಮುಂಭಾಗದ ಕಂಬಗಳು 40 ಅಡಿ ಎತ್ತರ. 1956ರಲ್ಲಿ ಕಟ್ಟಡ ಮುಗಿಯುವ ಹೊತ್ತಿಗೆ ಖರ್ಚು 1 ಕೋಟಿ 80 ಲಕ್ಷ ದಾಟಿತ್ತು. ಇಷ್ಟು ದುಂದು ಯಾಕೆ ಅಂತ ಆಗ ದೊಡ್ಡ ಗಲಾಟೆ ಆಯಿತು. ಅದೇ ವರ್ಷ ಆಗಸ್ಟ್‌ನಲ್ಲಿ ಹನುಮಂತಯ್ಯ ಅಧಿಕಾರ ಬಿಟ್ಟರು. ಒಬ್ಬರು ಶುರು ಮಾಡಿದರು, ಇನ್ನೊಬ್ಬರು ಬದಲಾಯಿಸಿ ಕಟ್ಟಿಸಿದರು, ಮತ್ತೊಬ್ಬರು ಬಂದು ಕೂತರು. ಸರ್ಕಾರಿ ಕಟ್ಟಡಗಳ ಹಣೆಬರಹವೇ ಹೀಗೆ.

ಈಗ ಕರೆಂಟಿನ ವಿಷಯಕ್ಕೆ ಬರೋಣ. ಇದು ಕೇಳಿದರೆ ನಿಮ್ಮ ಹುಡುಗ ಕುಣಿಯುತ್ತಾನೆ. ಬೆಂಗಳೂರಿನ ಬೀದಿಗೆ ವಿದ್ಯುತ್ ದೀಪ ಬಂದದ್ದು 1905ರ ಆಗಸ್ಟ್ 5ರಂದು. ಆ ಕರೆಂಟು ಬಂದದ್ದು ಶಿವನಸಮುದ್ರದಿಂದ. ಆದರೆ ಶಿವನಸಮುದ್ರದ ವಿದ್ಯುತ್ ಕೇಂದ್ರ ಕಟ್ಟಿದ್ದು ಬೆಂಗಳೂರಿಗಾಗಿ ಅಲ್ಲ, ಕೋಲಾರದ ಚಿನ್ನದ ಗಣಿಗಾಗಿ! ಗಣಿಯ ಆಳದಿಂದ ಅದಿರು ಎತ್ತಲು, ಅರೆಯಲು, ಗಾಳಿ ಒತ್ತಲು ಬಹಳ ಶಕ್ತಿ ಬೇಕಿತ್ತು. ಉಗಿ ಯಂತ್ರಕ್ಕೆ ಸೌದೆ, ಕಲ್ಲಿದ್ದಲು ಸುಟ್ಟು ಪೂರೈಸುವುದು ದುಬಾರಿ. ದಿವಾನ್ ಶೇಷಾದ್ರಿ ಅಯ್ಯರ್ ಕಾಲದಲ್ಲಿ ಯೋಜನೆ ಗಟ್ಟಿಯಾಯಿತು. 1902ರ ಜೂನ್‌ನಲ್ಲಿ ಕಾವೇರಿಯ ಕರೆಂಟು 147 ಕಿಲೋಮೀಟರ್ ತಂತಿಯ ಮೇಲೆ ಹಾದು ಕೆ.ಜಿ.ಎಫ್. ತಲುಪಿತು. ಆ ಕಾಲಕ್ಕೆ ಜಗತ್ತಿನಲ್ಲೇ ಅತಿ ಉದ್ದದ ತಂತಿ ಮಾರ್ಗಗಳಲ್ಲಿ ಅದೂ ಒಂದು. ರಾಜಧಾನಿಗೆ ದೀಪ ಬಂದದ್ದು ಅದಾದ ಮೂರು ವರ್ಷಕ್ಕೆ.

‘ಏಷ್ಯಾದಲ್ಲೇ ಮೊದಲು’ ಅನ್ನುವುದಂತೂ ನಿಲ್ಲುವ ಮಾತಲ್ಲ. ಡಾರ್ಜಿಲಿಂಗ್‌ನಲ್ಲಿ 1897ರಲ್ಲೇ ಜಲವಿದ್ಯುತ್ ಇತ್ತು, ಕಲ್ಕತ್ತಾಕ್ಕೆ 1899ರಲ್ಲಿ ಕರೆಂಟು ಬಂತು. ಜಪಾನಿನಲ್ಲಿ ಇನ್ನೂ ಮೊದಲೇ ಇತ್ತು. ಇನ್ನು ಕೆ.ಆರ್. ಮಾರ್ಕೆಟ್ ಕಟ್ಟಡ ಆದದ್ದು 1921ರಲ್ಲಿ. 1905ರಲ್ಲಿ ಇಲ್ಲದ ಮಾರ್ಕೆಟ್‌ನಲ್ಲಿ ದೀಪ ಹೇಗೆ ಉರಿಯುತ್ತೆ? ಆ ಸುತ್ತಮುತ್ತಲ ಬೀದಿಯಲ್ಲಿ ಉರಿದಿದ್ದು ಮಾರ್ಕೆಟ್ ಹೆಸರಿಗೆ ಅಂಟಿಕೊಂಡಿದೆ. ನಾವೂ ಎಚ್ಚರ ವಹಿಸಬೇಕು. ‘ಏಷ್ಯಾದಲ್ಲೇ ಮೊದಲು ಕೆ.ಜಿ.ಎಫ್.’ ಅಂತ ನಮ್ಮ ಕಡೆ ಎದೆ ಉಬ್ಬಿಸಿ ಹೇಳುವವರಿದ್ದಾರೆ. ಅದೂ ತಪ್ಪೇ. ಬೆಂಗಳೂರಿಗಿಂತ ಮೊದಲು ಅನ್ನಿ, ಅಷ್ಟು ನಿಜ, ಅಷ್ಟೇ ಸಾಕು.

ದೊಡ್ಡ ಬಸವಣ್ಣನದು ಬೇರೆ ಥರ. ಕಥೆ ನಿಮಗೂ ಗೊತ್ತು. ರೈತರು ಬೆಳೆದ ಕಡಲೆಕಾಯಿಯನ್ನು ರಾತ್ರಿ ಹೊತ್ತು ಒಂದು ಗೂಳಿ ಬಂದು ಮೇಯುತ್ತಿತ್ತು. ಹೊಡೆಯಲು ಹೋದಾಗ ಕಲ್ಲಾಯಿತು. ಕಲ್ಲಾದ ಮೇಲೂ ಬೆಳೆಯತೊಡಗಿತು. ತಲೆಯ ಮೇಲೆ ತ್ರಿಶೂಲ ನೆಟ್ಟಾಗ ನಿಂತಿತು. ಅದಕ್ಕೇ ಕಾರ್ತಿಕದ ಕಡೇ ಸೋಮವಾರ ಕಡಲೆಕಾಯಿ ಪರಿಷೆ. ಕಲ್ಲು ಬೆಳೆಯುವುದಿಲ್ಲ ಅಂತ ಒಂಬತ್ತನೇ ತರಗತಿ ಮಕ್ಕಳಿಗೆ ನಾನು ಹೇಳಬೇಕಿಲ್ಲ. ಅದು ಒಂದೇ ಬಂಡೆಯಲ್ಲಿ ಕಡೆದ ನಂದಿ, ಸುಮಾರು 15 ಅಡಿ ಎತ್ತರ, 20 ಅಡಿ ಉದ್ದ. ಕಪ್ಪು ಬಣ್ಣ ಕಲ್ಲಿನದ್ದಲ್ಲ, ತಲೆಮಾರುಗಳಿಂದ ಬಳಿದ ಎಣ್ಣೆ, ಮಸಿಯದ್ದು.

ನನಗೆ ಕುತೂಹಲ ಇರುವುದು ಕಡಲೆಕಾಯಿಯ ಬಗ್ಗೆ. ಗುಡಿಯನ್ನು ಕೆಂಪೇಗೌಡರ ಕಾಲದ್ದು ಅನ್ನುತ್ತಾರೆ. ಅವರು ಬೆಂಗಳೂರಿನಲ್ಲಿ ಕೋಟೆ, ಪೇಟೆ ಕಟ್ಟಿದ್ದು 1537ರಲ್ಲಿ. ಕಡಲೆಕಾಯಿ ಹುಟ್ಟಿದ್ದು ದಕ್ಷಿಣ ಅಮೆರಿಕದಲ್ಲಿ. ಯುರೋಪಿನವರಿಗೆ ಆ ಖಂಡದ ದಾರಿ ತೆರೆದದ್ದೇ 1492ರ ನಂತರ. ನಲವತ್ತು ಚಿಲ್ಲರೆ ವರ್ಷದಲ್ಲಿ ಆ ಬೀಜ ಎರಡು ಸಾಗರ ದಾಟಿ, ಬಸವನಗುಡಿಯ ಹೊಲದಲ್ಲಿ ಗೂಳಿ ಮೇಯುವಷ್ಟು ಬೆಳೆಯಿತು ಅಂದರೆ ನಂಬುವುದು ಕಷ್ಟ. ನಮ್ಮ ಕಡೆ ಅದು ದೊಡ್ಡ ಬೆಳೆಯಾದದ್ದು ಬಹಳ ತಡವಾಗಿ, ಹತ್ತೊಂಬತ್ತನೇ ಶತಮಾನದಲ್ಲಿ. ಹಾಗಾಗಿ ಗುಡಿ ಹಳೆಯದು, ಕಡಲೆಕಾಯಿಯ ಕಥೆ ಅದಕ್ಕಿಂತ ಹೊಸದು ಅಂತ ನನ್ನ ಲೆಕ್ಕ. ಮೊದಲು ಅಲ್ಲಿ ಬೇರೆ ಏನಾದರೂ ಪೈರಿನ ಹರಕೆ ಇದ್ದಿರಬಹುದು. ಶ್ರೀನಿವಾಸಪುರ, ಚಿಂತಾಮಣಿ ಕಡೆಯಿಂದ ಮೂಟೆ ಹೊತ್ತು ಪರಿಷೆಗೆ ಹೋಗುವ ರೈತರಿಗೆ ಇದರಿಂದ ಏನೂ ಕಡಿಮೆಯಾಗುವುದಿಲ್ಲ. ಮಕ್ಕಳಿಗೆ ಕಥೆಯನ್ನು ಪೂರ್ತಿ ಹೇಳಿ, ಆಮೇಲೆ ಕಡಲೆಕಾಯಿ ಎಲ್ಲಿಂದ ಬಂತು ಅಂತ ಕೇಳಿ. ಇತಿಹಾಸ, ಭೂಗೋಳ ಎರಡೂ ಒಟ್ಟಿಗೆ ಆಯಿತು.

ಇದೇ ಥರ ಗವಿ ಗಂಗಾಧರೇಶ್ವರನ ಗುಡಿ. ಸಂಕ್ರಾಂತಿಯ ಸಂಜೆ ಸೂರ್ಯನ ಕಿರಣ ನಂದಿಯ ಕೊಂಬಿನ ನಡುವೆ ಹಾದು ಲಿಂಗದ ಮೇಲೆ ಬೀಳುತ್ತದೆ. ಇದು ಸುಳ್ಳಲ್ಲ, ಕಣ್ಣಾರೆ ಕಾಣುವ ಸಂಗತಿ. ‘ವರ್ಷಕ್ಕೆ ಒಂದೇ ಸಲ’ ಅನ್ನುವುದು ಮಾತ್ರ ತಪ್ಪು. ಡಿಸೆಂಬರ್ 21ರ ಸುಮಾರಿಗೆ ಸೂರ್ಯ ದಕ್ಷಿಣದ ಕೊನೆಗೆ ಹೋಗಿ ತಿರುಗುತ್ತಾನೆ. ಆ ದಿನದ ನಂತರ 24 ದಿನಕ್ಕೆ ಸಂಕ್ರಾಂತಿ. ಆ ದಿನಕ್ಕೆ 24 ದಿನ ಮುಂಚೆ, ಅಂದರೆ ನವೆಂಬರ್ ಕೊನೆಗೆ, ಸೂರ್ಯ ಅದೇ ಜಾಗದಲ್ಲಿ ಮುಳುಗುತ್ತಾನೆ. ಕಿರಣ ಆಗಲೂ ಒಳಗೆ ಬರಲೇಬೇಕು, ಬರುತ್ತದೆ ಕೂಡ. ನವೆಂಬರ್‌ನಲ್ಲಿ ಟಿವಿಯವರು ಬರುವುದಿಲ್ಲ, ಅಷ್ಟೇ ವ್ಯತ್ಯಾಸ.

ಕೆಂಪೇಗೌಡರ ಗೋಪುರಗಳು ಲಾಲ್‌ಬಾಗ್ ಬಂಡೆ, ಕೆಂಪಾಂಬುಧಿ ಕೆರೆ, ಹಲಸೂರು ಕೆರೆ, ಮೇಖ್ರಿ ಸರ್ಕಲ್ ಬಳಿ ಇವೆ. ಅವು ಇಮ್ಮಡಿ ಕೆಂಪೇಗೌಡರ ಕಾಲದವು ಅನ್ನುವ ಇತಿಹಾಸಕಾರರು ಬಹಳ ಜನ. ಎಲ್ಲವೂ ಸುತ್ತ ಕಾಣುವ ಜಾಗದಲ್ಲಿವೆ. ಕಾವಲಿಗೋ ಗಡಿ ಗುರುತಿಗೋ ಕಟ್ಟಿರಬಹುದು. ‘ದಾಟಿದರೆ ಕೇಡು’ ಅನ್ನುವ ಭವಿಷ್ಯವಾಣಿ ಊರು ನಾಲ್ಕೂ ಕಡೆ ದಾಟಿ ಹೋದ ಮೇಲೆ ಹುಟ್ಟಿದ ಮಾತಿನ ಹಾಗೆ ಕೇಳಿಸುತ್ತದೆ. ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡಾಗ ಎಲ್ಲರೂ ನಂಬುತ್ತಾರೆ ಬಿಡಿ. ಕೆಂಪೇಗೌಡರ ಹಿರಿಯರು ಕಂಚಿ ಕಡೆಯಿಂದ ಬಂದು ಮೊದಲು ನೆಲೆ ನಿಂತದ್ದು ನಂದಿ ಬೆಟ್ಟದ ಹತ್ತಿರದ ಆವತಿಯಲ್ಲಿ ಅನ್ನುವುದು ಆ ವಂಶದ ಪರಂಪರೆ. ಅದೂ ನಮ್ಮ ಸೀಮೆಯ ಪಕ್ಕದ ಊರೇ.

ಲಾಲ್‌ಬಾಗ್‌ಗೆ ಹೋದರೆ ಗಾಜಿನ ಮನೆಗಿಂತ ಬಂಡೆಯ ಮೇಲೆ ಜಾಸ್ತಿ ಹೊತ್ತು ಇರಿ. ಗೋಪುರ ಇರುವ ಆ ಬಂಡೆಯ ವಯಸ್ಸು ಸುಮಾರು 300 ಕೋಟಿ ವರ್ಷ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಅದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಅಂತ ಗುರುತಿಸಿದೆ. ತೋಟ ಶುರುವಾದದ್ದು 1760ರಲ್ಲಿ, ಹೈದರ್ ಅಲಿಯಿಂದ. ಗಾಜಿನ ಮನೆಗೆ 1889ರ ನವೆಂಬರ್ 30ರಂದು ಬ್ರಿಟನ್ನಿನ ರಾಜಕುಮಾರ ಆಲ್ಬರ್ಟ್ ವಿಕ್ಟರ್ ಅಡಿಗಲ್ಲು ಹಾಕಿದ. ಕಟ್ಟಿಸಿದ್ದು ತೋಟದ ಸೂಪರಿಂಟೆಂಡೆಂಟ್ ಜಾನ್ ಕ್ಯಾಮೆರಾನ್.  ಇದರ ಮಾದರಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್.

ಹೈದರ್ ಅಲಿಯ ಹೆಸರು ಮೇಲೆ ಎರಡು ಸಲ ಬಂತು. ಮೂರನೆಯದೂ ಇದೆ. ಕೆಂಪೇಗೌಡರ ಮಣ್ಣಿನ ಕೋಟೆಯ ಜಾಗದಲ್ಲಿ 1761ರಲ್ಲಿ ಕಲ್ಲಿನ ಕೋಟೆ ಕಟ್ಟಿಸಿದವನೂ ಅವನೇ. ಇವತ್ತು ಉಳಿದಿರುವುದು ದೆಹಲಿ ಬಾಗಿಲಿನ ಕಡೆಯ ಒಂದು ತುಂಡು ಮಾತ್ರ. ಈ ಹೈದರ್ ಹುಟ್ಟಿದ್ದು ಬಂಗಾರಪೇಟೆ ತಾಲ್ಲೂಕಿನ ಬೂದಿಕೋಟೆಯಲ್ಲಿ. ಅವನ ತಂದೆ ಫತೇ ಮಹಮ್ಮದ್‌ನ ಸಮಾಧಿ ಕೋಲಾರ ಪಟ್ಟಣದಲ್ಲೇ ಇದೆ, ಮಕಬರಾ ಅಂತ. ಕೋಟೆ, ಲಾಲ್‌ಬಾಗ್, ಬೇಸಿಗೆ ಅರಮನೆ ಮೂರನ್ನೂ ಶುರು ಮಾಡಿದವನು ಕೋಲಾರ ಸೀಮೆಯ ಹುಡುಗ.

ಇನ್ನೂ ಹಿಂದಕ್ಕೆ ಹೋಗಿ. ಬೆಂಗಳೂರು ಅನ್ನುವ ಊರಿನ ಹೆಸರು ನಮಗೆ ಮೊದಲು ಕಾಣುವುದು ಬೇಗೂರಿನ ಗುಡಿಯ ಒಂದು ವೀರಗಲ್ಲಿನಲ್ಲಿ. ಅದು ಕ್ರಿ.ಶ. 890ರ ಸುಮಾರಿನದ್ದು, ಬೆಂಗಳೂರಿನ ಕಾಳಗದಲ್ಲಿ ಸತ್ತವನ ನೆನಪಿಗೆ ಹಾಕಿದ್ದು. ಕೆಂಪೇಗೌಡರಿಗಿಂತ ಆರು ನೂರು ವರ್ಷಕ್ಕೂ ಹಳೆಯದು. ಆಗ ಆಳುತ್ತಿದ್ದವರು ಗಂಗರು. ಗಂಗರ ಮೊದಲ ರಾಜಧಾನಿ ಯಾವುದು? ಕುವಲಾಲ, ಅಂದರೆ ಇವತ್ತಿನ ಕೋಲಾರ. ಮುಂದೆ ತಲಕಾಡಿಗೆ ಹೋದ ಮೇಲೂ ಅವರು ‘ಕುವಲಾಲಪುರವರೇಶ್ವರ’ ಅನ್ನುವ ಬಿರುದನ್ನು ಬಿಡಲಿಲ್ಲ. ಬೆಂಗಳೂರು ಒಂದು ಸಣ್ಣ ಹಳ್ಳಿಯಾಗಿದ್ದಾಗ ಕೋಲಾರ ರಾಜಧಾನಿಯ ಹೆಸರು ಹೊತ್ತಿತ್ತು. ನಿಮ್ಮ ಹುಡುಗನಿಗೆ ಇಷ್ಟು ಸಾಕಲ್ವಾ?

ಗೈಡ್ ವಿಷಯ. ಮೂರು ದಾರಿ ಇವೆ, ಯಾವುದೂ ಪೂರ್ತಿ ನಿರಾಳ ಅಲ್ಲ.

ಗೈಡ್ ಇಟ್ಟುಕೊಂಡರೆ ಮಕ್ಕಳು ಕಿವಿ ಕೊಟ್ಟು ಕೇಳುತ್ತಾರೆ. ಕಥೆ ಹೇಳುವ ಕಲೆ ಅವರಿಗಿದೆ, ಅದನ್ನು ಒಪ್ಪಲೇಬೇಕು. ಅಪಾಯ ಏನು ಅಂತ ನೀವೇ ನೋಡಿದ್ದೀರಿ. ನೀವೇ ಎಲ್ಲ ಹೇಳಿದರೆ ಮಾಹಿತಿ ಸರಿ ಇರುತ್ತದೆ, ಆದರೆ ನಲವತ್ತು ಮಕ್ಕಳನ್ನು ಎಣಿಸುತ್ತಾ, ರಸ್ತೆ ದಾಟಿಸುತ್ತಾ ಪಾಠ ಹೇಳುವುದು ಸುಲಭವಲ್ಲ. ನನಗೆ ಹಿಡಿಸುವುದು ಮೂರನೆಯದು. ಹೊರಡುವ ವಾರ ಮೊದಲು ಇಬ್ಬಿಬ್ಬರಿಗೆ ಒಂದೊಂದು ಕಟ್ಟಡ ಹಂಚಿ. ಮೇಲೆ ಹೇಳಿದ ಪ್ರಶ್ನೆಗಳಿಗೆ ಅವರೇ ಉತ್ತರ ಹುಡುಕಿ, ಅಲ್ಲಿ ನಿಂತು ಉಳಿದವರಿಗೆ ಹೇಳಲಿ. ಇದರಲ್ಲೂ ತೊಂದರೆ ಇದೆ. ಮೊಬೈಲ್‌ನಲ್ಲಿ ಹುಡುಕಿದರೆ ಅದೇ ವಿಂಡ್ಸರ್ ಕಥೆ ಮೊದಲು ಸಿಗುತ್ತದೆ. ಕಟ್ಟಡದ ಮೇಲಿನ ಫಲಕವೂ ಪೂರ್ತಿ ಸತ್ಯ ಹೇಳುವುದಿಲ್ಲ. ಅಡಿಗಲ್ಲಿನ ಮೇಲೆ ಆ ದಿನ ಹಾರ ಹಾಕಿಸಿಕೊಂಡವರ ಹೆಸರು ಇರುತ್ತದೆ, ಕಲ್ಲು ಕಡೆದವರ ಹೆಸರು ಇರುವುದಿಲ್ಲ. ಆದ್ದರಿಂದ ಇಸವಿಗಳ ಒಂದು ಚೀಟಿ ನೀವು ಮೊದಲೇ ಕೊಟ್ಟಿರಿ. ಇಸವಿ ಗೊತ್ತಿದ್ದರೆ ಸುಳ್ಳು ಕಥೆ ಜಾಸ್ತಿ ಹೊತ್ತು ನಿಲ್ಲುವುದಿಲ್ಲ.

ಎರಡು ಎಚ್ಚರಿಕೆ. ಪಠ್ಯಪುಸ್ತಕದಲ್ಲಿ ಬೇರೆ ಥರ ಇದ್ದರೆ ಪರೀಕ್ಷೆಯಲ್ಲಿ ಪುಸ್ತಕದ್ದನ್ನೇ ಬರೆಯಲಿ, ಮಕ್ಕಳ ಅಂಕದ ಜೊತೆ ಆಟ ಬೇಡ. ಎರಡನೆಯದು, ಹೈದರ್, ಟಿಪ್ಪು, ಕೆಂಪೇಗೌಡರ ವಿಷಯ ಬಂದರೆ ಕೆಲವು ಪೋಷಕರು ಜಗಳಕ್ಕೆ ಬರಬಹುದು. ಯಾರಿಗೂ ಒಳ್ಳೆಯವನು, ಕೆಟ್ಟವನು ಅಂತ ಸರ್ಟಿಫಿಕೇಟ್ ಕೊಡಲು ಹೋಗಬೇಡಿ. ಯಾವ ವರ್ಷ ಯಾರು ಏನು ಕಟ್ಟಿಸಿದರು ಅಂತ ಹೇಳಿ ನಿಲ್ಲಿಸಿ. ನಾನು ಕೆಲಸದಲ್ಲಿ ಇಷ್ಟು ವರ್ಷ ಹಾಗೇ ನಡೆದುಕೊಂಡು ಬಂದಿದ್ದೇನೆ.

ಹೋಗುವ ದಾರಿ ಬಗ್ಗೆಯೂ ಹೇಳಿಬಿಡುತ್ತೇನೆ. ಮುಳಬಾಗಿಲಿನಿಂದ ನೂರು ಕಿಲೋಮೀಟರ್ ಹತ್ತಿರ ಆಗುತ್ತದೆ. ಬಸ್ಸಿನಲ್ಲೇ ಎಲ್ಲ ಕಡೆ ಸುತ್ತಿದರೆ ಅರ್ಧ ದಿನ ಸಿಗ್ನಲ್‌ನಲ್ಲೇ ಹೋಗುತ್ತದೆ. ಬಸ್ಸನ್ನು ವೈಟ್‌ಫೀಲ್ಡ್‌ನಲ್ಲಿ ಬಿಟ್ಟು ನೇರಳೆ ಮಾರ್ಗದ ಮೆಟ್ರೋ ಹತ್ತಿ. ಬದಲಾಯಿಸದೆ ವಿಧಾನಸೌಧದ ಅಂಬೇಡ್ಕರ್ ನಿಲ್ದಾಣಕ್ಕೆ ಬರುತ್ತೀರಿ. ವಿಧಾನಸೌಧ, ಅಠಾರಾ ಕಚೇರಿ, ಕಬ್ಬನ್ ಪಾರ್ಕ್, ಸರ್ಕಾರಿ ಮ್ಯೂಸಿಯಂ ಎಲ್ಲ ನಡೆಯುವ ದೂರದಲ್ಲಿವೆ. ಊಟ ಆದ ಮೇಲೆ ಮೆಜೆಸ್ಟಿಕ್‌ನಲ್ಲಿ ಹಸಿರು ಮಾರ್ಗಕ್ಕೆ ಬದಲಾಯಿಸಿ ಕೆ.ಆರ್. ಮಾರ್ಕೆಟ್ ನಿಲ್ದಾಣದಲ್ಲಿ ಇಳಿದರೆ ಕೋಟೆ, ಟಿಪ್ಪು ಅರಮನೆ. ಅಲ್ಲಿಂದ ಎರಡನೇ ನಿಲ್ದಾಣ ಲಾಲ್‌ಬಾಗ್. ಮೆಜೆಸ್ಟಿಕ್‌ನಲ್ಲಿ ಜನ ಜಾಸ್ತಿ, ಮಕ್ಕಳು ಚದುರುವ ಭಯ ಇರುತ್ತದೆ. ಹತ್ತು ಮಕ್ಕಳಿಗೆ ಒಬ್ಬ ದೊಡ್ಡವರು ಇರಲಿ. ಬೆಂಗಳೂರು ಅರಮನೆಯನ್ನು ಈ ಸಲ ಬಿಡಿ. ಟಿಕೆಟ್ ದುಬಾರಿ, ದಾರಿಯೂ ಬೇರೆ ಕಡೆ, ಅದರ ಕಥೆಯನ್ನು ತರಗತಿಯಲ್ಲೇ ಹೇಳಬಹುದು. ವಿಧಾನಸೌಧದ ಒಳಗೆ ಹೋಗಬೇಕಾದರೆ ಮೊದಲೇ ಅನುಮತಿಯ ವ್ಯವಸ್ಥೆ ಮಾಡಿಕೊಳ್ಳಿ, ಇಲ್ಲದಿದ್ದರೆ ಹೊರಗಿನಿಂದ ನೋಡಿ ಬರಬೇಕಾಗುತ್ತದೆ. ಮ್ಯೂಸಿಯಂ ಸೋಮವಾರ ಬಾಗಿಲು ಹಾಕಿರುತ್ತದೆ, ಆ ದಿನ ಬಿಟ್ಟು ಬೇರೆ ದಿನ ಇಟ್ಟುಕೊಳ್ಳಿ.